ಅದರ ತಲೆಯ ಮೇಲೆ ಕೊಕ್ಕೆ ಬೇಡ

ಪ್ರಶ್ನೆ: ಇಂಗ್ಲಿಷಿನಲ್ಲಿ “ಇಟ್ಸ್” ಬರೆಯುವಾಗ ಟಿ ಮತ್ತು ಎಸ್ ನಡುವೆ ಅಪಾಸ್ಟ್ರಫಿ ಯಾವಾಗ ಹಾಕಬೇಕು? “ಅದರ” ಎಂಬ ಅರ್ಥ ಬಂದರೆ ಹಾಕಬೇಕೆಂದು ನಮಗೆ ಶಾಲೆಯಲ್ಲಿ ಹೇಳಿಕೊಟ್ಟ ನೆನಪು.

ಉತ್ತರ: ನೆನಪು ತಪ್ಪಿರಬಹುದು, ಇಲ್ಲವೇ ಹೇಳಿಕೊಟ್ಟವರೇ ತಪ್ಪಿರಬಹುದು. ಇದೇ ಪ್ರಶ್ನೆಗೆ ಎಷ್ಟನೆಯ ಸಲ ಉತ್ತರ ಬರೆಯುತ್ತಿದ್ದೇನೋ ಲೆಕ್ಕ ಬಿಟ್ಟಿದ್ದೇನೆ. “ಅದರ” ಎಂದಾದರೆ ಅಪಾಸ್ಟ್ರಫಿ ಬೇಡ. “ಇಟ್ ಈಸ್” ಅಥವಾ “ಇಟ್ ಹ್ಯಾಸ್” ಎಂದು ಬಿಡಿಸಲು ಬಂದರೆ ಮಾತ್ರ ಬೇಕು. “ಇಟ್’ಸ್ ರೇನಿಂಗ್” ಬಿಡಿಸಿದರೆ “ಇಟ್ ಈಸ್ ರೇನಿಂಗ್”, ಸರಿ. ನಾಯಿ ತನ್ನ ಬಾಲ ಅಲ್ಲಾಡಿಸಿತು ಎನ್ನುವಾಗ “ಇಟ್ ಈಸ್ ಟೇಲ್” ಎಂದು ಓದಿ ನೋಡಿ, ನಾಯಿಯೂ ಅಲ್ಲಾಡಿಸುವುದು ನಿಲ್ಲಿಸೀತು. ಹಾಗಾಗಿ ಅಲ್ಲಿ ಬರಿಯ “ಇಟ್ಸ್”.

ಇಷ್ಟಕ್ಕೇ ಮುಗಿಯಬೇಕಿತ್ತು. ಆದರೆ ಇಷ್ಟು ಹೇಳಿದರೆ ಮುಂದಿನ ತಿಂಗಳು ಇನ್ನೊಬ್ಬರು ಇದನ್ನೇ ಕೇಳುತ್ತಾರೆ. ಯಾಕೆಂದರೆ ನಮ್ಮ ತಲೆಯಲ್ಲಿ ಒಂದು ಸಮೀಕರಣ ಗಟ್ಟಿಯಾಗಿ ಕೂತಿದೆ: ಅಪಾಸ್ಟ್ರಫಿ ಎಸ್ ಎಂದರೆ ಷಷ್ಠಿ ವಿಭಕ್ತಿ. ರಾಮನ, ಮರದ, ಊರಿನ ಎಂದು ಬಂದಲ್ಲೆಲ್ಲ ಒಂದು ಕೊಕ್ಕೆ. “ಅದರ” ಕೂಡ ಷಷ್ಠಿಯೇ ತಾನೇ, ಅದಕ್ಕೇಕೆ ಇಲ್ಲ?

ಹಾಗಾದರೆ “ಅವನ” ಎನ್ನಲು “ಹಿಸ್” ಬರೆಯುವಾಗ ಐ ಮತ್ತು ಎಸ್ ನಡುವೆ ಕೊಕ್ಕೆ ಇಡುತ್ತೀರಾ? ಇಡುವುದಿಲ್ಲ. ಹರ್ಸ್, ಅವರ್ಸ್, ಯುವರ್ಸ್, ದೇರ್ಸ್ ಎಲ್ಲವೂ ಷಷ್ಠಿಯೇ, ಒಂದಕ್ಕೂ ಕೊಕ್ಕೆ ಇಲ್ಲ. ಸರ್ವನಾಮಗಳ ಆ ಪಂಗಡಕ್ಕೇ “ಇಟ್ಸ್” ಸೇರಿದ್ದು.

ಅಸಲಿಗೆ ಈ ಚಿಹ್ನೆ ಹುಟ್ಟಿದ್ದು ಷಷ್ಠಿಗಾಗಿ ಅಲ್ಲ, ಲೋಪಕ್ಕಾಗಿ. ಹೆಸರು ಗ್ರೀಕ್ ಮೂಲದ್ದು. 16ನೇ ಶತಮಾನದಲ್ಲಿ ಫ್ರೆಂಚರನ್ನು ನೋಡಿ ಇಂಗ್ಲಿಷರು ತಂದುಕೊಂಡರು, ಇಲ್ಲೊಂದು ಅಕ್ಷರ ಬಿದ್ದುಹೋಗಿದೆ ಎಂದು ತೋರಿಸಲು. ಷಷ್ಠಿಯಲ್ಲಿ ಅದು ಕಾಣಿಸಿಕೊಂಡಿದ್ದೂ ಅದೇ ದಾರಿಯಿಂದ. ಹಳೆಯ ಇಂಗ್ಲಿಷಿನಲ್ಲಿ “ರಾಜನ” ಎನ್ನಲು ಪದದ ಕೊನೆಗೆ ಇ-ಎಸ್ ಹತ್ತುತ್ತಿತ್ತು. ಕಾಲಕ್ರಮೇಣ ಆ ಇ ಉದುರಿತು, ಅದರ ಜಾಗದಲ್ಲಿ ಕೊಕ್ಕೆ ಕೂತಿತು. ಇಂಗ್ಲಿಷರಿಗೇ ಇದು ಮರೆತುಹೋಗಿ, “ಕಿಂಗ್ ಹಿಸ್ ಬುಕ್” ಎನ್ನುವುದೇ ಸವೆದು “ಕಿಂಗ್’ಸ್ ಬುಕ್” ಆಯಿತೆಂದು ನಂಬಿದವರಿದ್ದರು. “ರಾಜ ಅವನ ಪುಸ್ತಕ” ಎಂದ ಹಾಗೆ. ಹಾಗಿದ್ದರೆ “ಕ್ವೀನ್’ಸ್” ಎಲ್ಲಿಂದ ಬಂತು, ರಾಣಿಗೂ “ಹಿಸ್” ಅಂದರೇ?

ಪ್ರಾಮಾಣಿಕವಾಗಿ ಇನ್ನೊಂದು ಮಾತು ಒಪ್ಪಿಕೊಳ್ಳಬೇಕು, ಇಲ್ಲದಿದ್ದರೆ ಯಾರಾದರೂ ಚುರುಕಿನ ಹುಡುಗಿ ಎದ್ದು ನಿಂತು ಹೇಳಿಯೇ ಹೇಳುತ್ತಾಳೆ. “ಅದರ” ಎಂಬರ್ಥಕ್ಕೆ ಕೊಕ್ಕೆ ಹಾಕಿ ಬರೆಯುವುದು ಒಂದು ಕಾಲಕ್ಕೆ ದೊಡ್ಡವರಲ್ಲೂ ಇತ್ತು. 1787ರ ಅಮೆರಿಕದ ಸಂವಿಧಾನದ ಮೊದಲ ವಿಧಿಯಲ್ಲೇ ಹಾಗಿದೆ. ಇಂದಿನ ರೂಢಿ ಗಟ್ಟಿಯಾದದ್ದು 19ನೇ ಶತಮಾನದ ಹೊತ್ತಿಗೆ. ಅಂದರೆ ನಿಮ್ಮ ತಪ್ಪಿಗೆ ಘನವಾದ ವಂಶಾವಳಿ ಇದೆ. ಅದನ್ನು ತೋರಿಸಿದರೆ ಪರೀಕ್ಷೆಯಲ್ಲಿ ಅಂಕ ಕೊಡುವುದಿಲ್ಲ, ಅಷ್ಟೆ.

“ಯುವರ್” ಮತ್ತು “ಯು’ರ್” ಗೊಂದಲಕ್ಕೂ ಇದೇ ಮದ್ದು. “ಯು ಆರ್” ಎಂದು ಬಿಡಿಸಲು ಬಂದರೆ ಕೊಕ್ಕೆ, “ನಿನ್ನ” ಎಂದು ಅರ್ಥವಾದರೆ ಇಲ್ಲ. “ದೇರ್” ಮೂರು ಬಗೆ: ಅಲ್ಲಿ, ಅವರ, ಅವರು ಇದ್ದಾರೆ. ಕೊಕ್ಕೆ ಕೊನೆಯದಕ್ಕೆ ಮಾತ್ರ.

ಬೋರ್ಡುಗಳ ವಿಷಯ ನೀವು ಕೇಳಲಿಲ್ಲ, ಆದರೂ ಬಿಡಲಾರೆ. ಬೆಂಗಳೂರಿನ ಯಾವುದೇ ಅಡ್ಡರಸ್ತೆಗೆ ಹೋಗಿ, “ಜೆಂಟ್’ಸ್ ಪಿಜಿ” ಸಿಗುತ್ತದೆ. ಒಬ್ಬನೇ ಜೆಂಟ್ ಇರುವ ಪಿಜಿ! ಪಕ್ಕದಲ್ಲಿ “ಲೇಡೀ’ಸ್ ಟೈಲರ್”, ಎಲ್-ಎ-ಡಿ-ಐ-ಇ ಆದ ಮೇಲೆ ಕೊಕ್ಕೆ; ಅಂಥ ಪದ ಇಂಗ್ಲಿಷಿನಲ್ಲೇ ಇಲ್ಲ. ಜ್ಯೂಸ್ ಅಂಗಡಿ, ಮೊಟ್ಟೆ ಅಂಗಡಿಗಳಲ್ಲಿ ಬಹುವಚನಕ್ಕೂ ಕೊಕ್ಕೆ. ಬಹುವಚನಕ್ಕೆ ಬರಿಯ ಎಸ್ ಸಾಕು. ಸರಿಯಾದದ್ದು ನೋಡಬೇಕೆಂದರೆ ನಮ್ಮಲ್ಲೇ ಇದೆ. ಮೈಸೂರಿನ ಮಹಾರಾಜಾ’ಸ್ ಕಾಲೇಜಿನಲ್ಲಿ ಕೊಕ್ಕೆ ಎಸ್‌ಗಿಂತ ಮುಂಚೆ, ಏಕೆಂದರೆ ಮಹಾರಾಜ ಒಬ್ಬ. ಬೆಂಗಳೂರಿನ ಬಿಷಪ್ ಕಾಟನ್ ಬಾಯ್ಸ್’ ಸ್ಕೂಲಿನಲ್ಲಿ ಎಸ್ ಆದ ಮೇಲೆ, ಏಕೆಂದರೆ ಹುಡುಗರು ಹಲವರು.

ಕನ್ನಡದಲ್ಲಿ ಇಂಥದ್ದು ಇದೆಯೇ ಅಂತಲೂ ಯಾರೂ ಕೇಳಿಲ್ಲ. ನಮಗೆ ಲೋಪ ಹೊಸದಲ್ಲ. ಊರು, ಅಲ್ಲಿ ಸೇರಿ “ಊರಲ್ಲಿ” ಆಗುವಾಗ ಉಕಾರ ಬಿದ್ದುಹೋಗುತ್ತದೆ. ಅದು ಲೋಪಸಂಧಿ, ಅಲ್ಲಿ ನಾವು ಯಾವ ಗುರುತನ್ನೂ ಇಡುವುದಿಲ್ಲ. ಗುರುತು ಇಡುವುದು ಸಂಸ್ಕೃತ ಬರೆಯುವಾಗ: “ಶಿವೋಽಹಂ” ಎಂಬಲ್ಲಿ “ಅಹಂ”ನ ಅಕಾರ ಮರೆಯಾದದ್ದಕ್ಕೆ ಅವಗ್ರಹ ಸಾಕ್ಷಿ. ಅಪಾಸ್ಟ್ರಫಿಯ ದೂರದ ನೆಂಟ ಅನ್ನಿ. ಅದೇ ಅವಗ್ರಹವನ್ನು ಕನ್ನಡದಲ್ಲಿ ಪ್ಲುತಕ್ಕೂ ಬಳಸುತ್ತೇವೆ, ಅಮ್ಮನನ್ನು ದೂರದಿಂದ ಕೂಗುವಾಗ “ಅಮ್ಮಾಽಽ” ಎಂದು. ಆದರೆ ಕೀಲಿಮಣೆಯಲ್ಲಿ ಅವಗ್ರಹ ಎಲ್ಲಿದೆಯೆಂದು ಹುಡುಕುವ ತಾಳ್ಮೆ ಯಾರಿಗಿದೆ? ನೋಡಲು ಒಂದೇ ಥರ ಇದೆಯೆಂದು ಅದರ ಜಾಗದಲ್ಲಿ ಇಂಗ್ಲಿಷಿನ ಎಸ್ ಒತ್ತಿಬಿಡುತ್ತಾರೆ. ಅಮ್ಮನ ಹಿಂದೆ ಸಾಲಾಗಿ ಮೂರು ಎಸ್. ಪುಣ್ಯಕ್ಕೆ ಅಲ್ಲಿಗಿನ್ನೂ ಯಾರೂ ಕೊಕ್ಕೆ ಹಾಕಿಲ್ಲ.