ಐವಿಎ: ಮನೆಯಲ್ಲಿ ಕಟ್ಟಿದ ಕಾರಿಗೊಂದು ಪರೀಕ್ಷೆ

ಇಂಗ್ಲೆಂಡಿನವರು ಮನೆಯ ಶೆಡ್ಡಿನಲ್ಲಿ ಕಾರು ಕಟ್ಟುವ ವಿಡಿಯೋ ನೋಡಿದ್ದರೆ ‘ಐವಿಎ’ ಅನ್ನೋ ಮಾತು ಕಿವಿಗೆ ಬಿದ್ದಿರುತ್ತದೆ. ಎಷ್ಟೇ ಚಂದದ ಕಾರು ಕಟ್ಟಿರಲಿ, ಐವಿಎ ಪಾಸಾಗದೆ ಅದಕ್ಕೆ ನಂಬರ್ ಸಿಗುವುದಿಲ್ಲ. ಶಿರಸಿ, ಯಲ್ಲಾಪುರ ಕಡೆಯ ಹುಡುಗರು ಹಳೇ ಮಾರುತಿ 800ರ ಇಂಜಿನ್ ಹಾಕಿ ತೋಟಕ್ಕೊಂದು ‘ಬಗ್ಗಿ’ (ಪೈಪಿನ ಚೌಕಟ್ಟಿನ ತೆರೆದ ಚಿಕ್ಕ ಗಾಡಿ) ಕಟ್ಟುವ ಮಾತಾಡುವಾಗ ಇದೇ ಪ್ರಶ್ನೆ ಬರುತ್ತದೆ: ‘ನಮ್ಮಲ್ಲೂ ಆರ್‌ಟಿಓಗೆ ಒಯ್ದು ತೋರಿಸಿದರೆ ಪಾಸಿಂಗ್ ಆಗ್ತದಾ?’

ಆಗುವುದಿಲ್ಲ. ಕಾರಣ ಗೊತ್ತಾಗಬೇಕಾದರೆ ಮೊದಲು ಟೈಪ್ ಅಪ್ರೂವಲ್ ಏನು ಅಂತ ತಿಳಿಯಬೇಕು. ಕಂಪನಿ ಒಂದು ಮಾಡೆಲ್ ತಯಾರಿಸಿದಾಗ ಅದರ ಮಾದರಿ ಗಾಡಿಯನ್ನು ಪರೀಕ್ಷೆಗೆ ಕಳಿಸುತ್ತದೆ. ನಮ್ಮಲ್ಲಿ ಪುಣೆಯ ಎಆರ್‌ಎಐ, ಮಾನೇಸರದ ಐಕ್ಯಾಟ್ ಎಂಬ ಪರೀಕ್ಷಾ ಸಂಸ್ಥೆಗಳು ಈ ಕೆಲಸ ಮಾಡುತ್ತವೆ. ಅಲ್ಲಿ ಪಾಸಾದರೆ, ಅದೇ ಅಚ್ಚಿನ ಲಕ್ಷ ಗಾಡಿ ಹೊರಬಂದರೂ ಒಂದೊಂದನ್ನೂ ಹಾಗೆ ಪರೀಕ್ಷಿಸಬೇಕಿಲ್ಲ. ಅನ್ನ ಬೆಂದಿದೆಯಾ ಅಂತ ಒಂದು ಅಗುಳು ಹಿಸುಕಿ ನೋಡಿದ ಹಾಗೆ. ಕಂಪನಿಗೆ ಆ ಒಂದು ಗಾಡಿಯನ್ನು ಗೋಡೆಗೆ ಗುದ್ದಿಸಿ ನುಜ್ಜುಗುಜ್ಜು ಮಾಡಿದರೂ ನಷ್ಟವಿಲ್ಲ. ಮನೆಯಲ್ಲಿ ಕಟ್ಟಿದವನ ಹತ್ತಿರ ಇರೋದೇ ಒಂದು. ಅದನ್ನು ಒಡೆದು ನೋಡಿದರೆ ಓಡಿಸಲು ಏನೂ ಉಳಿಯುವುದಿಲ್ಲ.

ಅದಕ್ಕೇ ಇಂಡಿವಿಜುವಲ್ ವೆಹಿಕಲ್ ಅಪ್ರೂವಲ್, ಅಂದರೆ ಐವಿಎ. ಒಂದೇ ಗಾಡಿಯನ್ನು ನಿಲ್ಲಿಸಿಕೊಂಡು, ಅದನ್ನು ಒಡೆಯದೆ, ಕಣ್ಣು, ಕೈ, ಅಳತೆಪಟ್ಟಿ ಮತ್ತು ಗಾಲಿ ಉರುಳಿಸಿ ಬ್ರೇಕ್ ಬಲ ಅಳೆಯುವ ರೋಲರ್‌ನಿಂದ ಮಾಡುವ ತಪಾಸಣೆ. ಬ್ರಿಟನ್ನಿನಲ್ಲಿ ಇದು 1998ರಲ್ಲಿ ಸಿಂಗಲ್ ವೆಹಿಕಲ್ ಅಪ್ರೂವಲ್ ಅನ್ನೋ ಹೆಸರಿನಲ್ಲಿ ಕಾರುಗಳಿಗೆ ಕಡ್ಡಾಯವಾಯಿತು. 2009ರಲ್ಲಿ ಈಗಿನ ಹೆಸರು ಬಂತು. ಕಿಟ್ ಕಾರುಗಳ ಹವ್ಯಾಸ ಅದಕ್ಕಿಂತ ಬಹಳ ಹಳೆಯದು. 1957ರ ಲೋಟಸ್ ಸೆವೆನ್ ಕಾರನ್ನು ಬಿಡಿಭಾಗಗಳಾಗಿ ಕೊಂಡು ಮನೆಯಲ್ಲೇ ಜೋಡಿಸಬಹುದಿತ್ತು. ಹಾಗೆ ಕೊಂಡರೆ ಹೊಸ ಕಾರಿನ ಮೇಲಿನ ತೆರಿಗೆ ಉಳಿಯುತ್ತಿತ್ತು.

ಈ ತಪಾಸಣೆಯಲ್ಲಿ ನನಗೆ ತುಂಬಾ ಹಿಡಿಸುವುದು ಅಂಚುಗಳ ನಿಯಮ. ಗಾಡಿಯ ಹೊರಮೈಗೆ 100 ಮಿಲಿಮೀಟರ್ ಅಗಲದ ಒಂದು ಗುಂಡು ತಾಗಿಸುತ್ತಾ ಹೋಗುತ್ತಾರೆ. ಅದು ಎಲ್ಲೆಲ್ಲಿ ಮುಟ್ಟುತ್ತದೋ ಅಲ್ಲೆಲ್ಲ ಗಟ್ಟಿ ಅಂಚು ಕನಿಷ್ಠ 2.5 ಮಿಲಿಮೀಟರ್ ತ್ರಿಜ್ಯಕ್ಕೆ ದುಂಡಗಾಗಿರಬೇಕು. ಬಾನೆಟ್ಟಿನ ತುದಿ, ಮಡ್‌ಗಾರ್ಡಿನ ಕೆಳಗಿನ ಸಾಲು, ಲೈಟ್ ಕೂರಿಸಿದ ಬ್ರಾಕೆಟ್, ಹೊರಗೆ ಚಾಚಿದ ಬೋಲ್ಟಿನ ತಲೆ, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಕಟ್ಟಿದವನಿಗೆ ಇದು ಕಿರಿಕಿರಿ ಅನಿಸಬಹುದು. ಆದರೆ ಈ ನಿಯಮ ಒಳಗೆ ಕೂತವನಿಗಾಗಿ ಅಲ್ಲ. ರಸ್ತೆ ದಾಟುವ ಅಜ್ಜಿಗೆ, ಸೈಕಲ್ ಮೇಲೆ ಶಾಲೆಗೆ ಹೋಗುವ ಮಗುವಿಗೆ ಗಾಡಿ ತಾಗಿದರೆ ಪೆಟ್ಟಾಗಬಹುದು, ಕೊಯ್ದುಹೋಗಬಾರದು. ನಮ್ಮ ಗ್ಯಾರೇಜುಗಳಲ್ಲಿ ಜೀಪಿಗೆ ಕಬ್ಬಿಣದ ಪಟ್ಟಿ ಕತ್ತರಿಸಿ ಬಂಪರ್ ಹಾಕುವಾಗ ತುದಿಯನ್ನು ಗ್ರೈಂಡರ್‌ನಲ್ಲಿ ಉಜ್ಜುವವರು ಎಷ್ಟು ಮಂದಿ?

ಸ್ಟೇರಿಂಗ್ ಪರೀಕ್ಷೆ ಇನ್ನೂ ಸೂಕ್ಷ್ಮ. ಗಾಡಿಯನ್ನು ನಿಧಾನಕ್ಕೆ ತಿರುಗಿಸುತ್ತಾ ಹಿಡಿತ ಸಡಿಲಿಸಿದರೆ ಸ್ಟೇರಿಂಗ್ ತಾನಾಗಿ ನೇರದ ಕಡೆ ಮರಳಬೇಕು. ವೀಲ್ ಅಲೈನ್‌ಮೆಂಟ್ ಮಾಡುವವರು ಕ್ಯಾಸ್ಟರ್ ಎನ್ನುವ ಕೋನ (ಮುಂದಿನ ಗಾಲಿ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಪ್ರಮಾಣ) ಸರಿಯಿದ್ದರೆ ಅದು ಮರಳುತ್ತದೆ. ತೂಕದ ಹಳೇ ಕಾರಿನ ಸಸ್ಪೆನ್ಷನ್ ತೆಗೆದು ಅರ್ಧ ತೂಕದ ಕಾರಿಗೆ ಹಾಕಿದರೆ ಮರಳುವ ಬಲ ಕಡಿಮೆಯಾಗುತ್ತದೆ. ಎಷ್ಟೋ ಕಿಟ್ ಕಾರುಗಳು ಫೇಲಾಗುವುದು ಇಲ್ಲೇ.

ಇನ್ನು ಬ್ರೇಕ್. ಗಾಡಿ ನಿಂತರೆ ಸಾಲದು, ಜೋರಾಗಿ ಒತ್ತಿದಾಗ ಹಿಂದಿನ ಗಾಲಿ ಮುಂದಿನದಕ್ಕಿಂತ ಮೊದಲು ಲಾಕ್ ಆಗಬಾರದು. ಶಿರಸಿಯಿಂದ ಕುಮಟಾಕ್ಕೆ ದೇವಿಮನೆ ಘಟ್ಟದಲ್ಲಿ ಮಳೆಗಾಲಕ್ಕೆ ಗಾಡಿ ಓಡಿಸಿದವರಿಗೆ ಇದನ್ನು ವಿವರಿಸಬೇಕಿಲ್ಲ. ಇಳಿಜಾರಿನಲ್ಲಿ ತೂಕವೆಲ್ಲ ಮುಂದಕ್ಕೆ ಬಂದಿರುತ್ತದೆ, ಹಿಂದಿನ ಗಾಲಿ ಹಗುರಾಗಿರುತ್ತದೆ. ತಿರುವಿನಲ್ಲಿ ಅದು ಮೊದಲು ಲಾಕ್ ಆದರೆ ಗಾಡಿಯ ಹಿಂಭಾಗ ತಿರುಗಿ ಕಣಿವೆಯ ಕಡೆ ಹೋಗುತ್ತದೆ. ಇಂಜಿನ್ ಹಿಂದಕ್ಕೋ ಮುಂದಕ್ಕೋ ಸರಿದರೆ ಈ ಲೆಕ್ಕವೆಲ್ಲ ಬದಲಾಗುತ್ತದೆ. ಮಾರುತಿಯ ಬ್ರೇಕನ್ನೇ ತಂದು ಹಾಕಿದ್ದೇನೆ ಅಂದರೆ ಉತ್ತರವಾಗುವುದಿಲ್ಲ.

ಸೀಟ್ ಬೆಲ್ಟ್ ಕೂರಿಸಿದ ಜಾಗ, ಪೆಟ್ರೋಲ್ ಪೈಪು, ಲೈಟು, ಕನ್ನಡಿ, ಹೊಗೆ, ಸದ್ದು ಇವನ್ನೂ ನೋಡುತ್ತಾರೆ. ಫೇಲಾದರೆ ಕಾರಣಗಳನ್ನು ಬರೆದು ಕೊಡುತ್ತಾರೆ. ಸರಿಮಾಡಿ ಮತ್ತೆ ತರಬಹುದು. ಗಾಡಿ ಸ್ವಂತಕ್ಕಾಗಿ, ಸ್ವಂತ ಕೈಯಿಂದ ಕಟ್ಟಿದ್ದು ಅಂತ ತೋರಿಸಬೇಕಾದ್ದರಿಂದ ಕೆಲಸ ನಡೆಯುವಾಗಲೇ ಫೋಟೋ ತೆಗೆದಿಡುತ್ತಾರೆ.

ನಮ್ಮ ಕಾನೂನಿನಲ್ಲಿ ಈ ಬಾಗಿಲೇ ಇಲ್ಲ. ಹೊಸ ಗಾಡಿ ನೋಂದಣಿಗೆ ಮಾರಾಟದ ಪತ್ರ ಫಾರಂ 21, ತಯಾರಕರು ಕೊಡುವ ಫಾರಂ 22 ಬೇಕು. ಶೆಡ್ಡಿನಲ್ಲಿ ಕಟ್ಟಿದವನಿಗೆ ಇವನ್ನು ಯಾರು ಕೊಡುತ್ತಾರೆ? ತಾನೇ ತಯಾರಕ ಎಂದರೆ ಕಂಪನಿಯ ಹಾಗೆ ಮಾದರಿ ಪರೀಕ್ಷೆಗೆ ಹೋಗಬೇಕು. ಹಳೇ ಗಾಡಿಯ ಆರ್‌ಸಿ ಇಟ್ಟುಕೊಂಡು ಮೇಲೆ ಬೇರೆ ಗಾಡಿ ಕಟ್ಟೋಣ ಅಂದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ, ತಯಾರಕರ ವಿವರಕ್ಕೆ ಹೊಂದದ ಬದಲಾವಣೆ ಮಾಡುವಂತಿಲ್ಲ ಎಂದಿದೆ. ಅದೇ ವರ್ಷದ ತಿದ್ದುಪಡಿ ಪ್ರಕಾರ ಒಂದೊಂದು ಅಕ್ರಮ ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಅಥವಾ ಎರಡೂ.

ಸ್ವಂತ ತೋಟದೊಳಗೆ ಮಾತ್ರ ಓಡಿಸುತ್ತೇನೆ ಅಂದರೂ ಕಾಯ್ದೆಯ 39ನೇ ಕಲಂ, ನೋಂದಣಿ ಇಲ್ಲದ ಗಾಡಿಯನ್ನು ಸಾರ್ವಜನಿಕ ಜಾಗದಲ್ಲಾಗಲಿ ಬೇರೆಲ್ಲಾಗಲಿ ಓಡಿಸಬಾರದು ಎನ್ನುತ್ತದೆ. ಸಾಲದ್ದಕ್ಕೆ ಘಟ್ಟದ ಮೇಲೆ ಎಷ್ಟೋ ಕಡೆ ಮನೆಗೂ ತೋಟಕ್ಕೂ ನಡುವೆ ಪಂಚಾಯ್ತಿ ರಸ್ತೆ ಇರುತ್ತದೆ. ಅದಕ್ಕೆ ಇಳಿದರೆ ಸಾರ್ವಜನಿಕ ಜಾಗವೇ ಆಯಿತು. ನೋಂದಣಿ ಇಲ್ಲದ ಗಾಡಿಗೆ ವಿಮೆಯೂ ಇಲ್ಲ. ಯಾರಿಗಾದರೂ ತಾಗಿದರೆ ಪರಿಹಾರ ಮನೆಯವರ ತಲೆ ಮೇಲೆ.

ಇಲ್ಲಿಗೂ ಐವಿಎ ತರಹದ ವ್ಯವಸ್ಥೆ ಬರಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ. ನಮ್ಮವರು ಬ್ರೇಕ್ ಇನ್‌ಸ್ಪೆಕ್ಟರ್ ಎನ್ನುವ ಮೋಟಾರು ವಾಹನ ನಿರೀಕ್ಷಕರು ಆಟೊಮೊಬೈಲೋ ಮೆಕ್ಯಾನಿಕಲ್ಲೋ ಓದಿದವರೇ. ಕಾರವಾರದಲ್ಲೂ ಶಿರಸಿಯಲ್ಲೂ ಆರ್‌ಟಿಓ ಕಚೇರಿ ಇದೆ. ಇಲ್ಲದಿರುವುದು ನಿಯಮ ಮತ್ತು ಸಲಕರಣೆ. ಆದರೆ ಬ್ರಿಟನ್ನಿನದ್ದನ್ನು ಹಾಗೇ ತಂದರೆ ಸಾಲದು. ಅಲ್ಲಿ 3 ವರ್ಷದ ನಂತರ ಪ್ರತಿ ವರ್ಷ ತಪಾಸಣೆ ಇರುತ್ತದೆ. ಇಲ್ಲಿ ಸ್ವಂತ ಕಾರಿಗೆ 15 ವರ್ಷಕ್ಕೆ ಒಮ್ಮೆಲೇ ನೋಂದಣಿ. ಕಾರವಾರ, ಅಂಕೋಲಾದ ಉಪ್ಪುಗಾಳಿಗೆ ಚೌಕ ಪೈಪಿನ ಚಾಸಿ ಹೊರಗೆ ಪೇಂಟ್ ಹೊಳೆಯುತ್ತಿದ್ದರೂ ಒಳಗಿನಿಂದ ತುಕ್ಕು ತಿನ್ನುತ್ತದೆ. ಕರಾವಳಿಯಲ್ಲಿ ಕಟ್ಟಿದ ಗಾಡಿಯ ವೆಲ್ಡಿಂಗನ್ನು ವರ್ಷಕ್ಕೊಮ್ಮೆ ನೋಡಲೇಬೇಕು.

ಅಲ್ಲಿಯವರೆಗೆ ದಾರಿಯೇ ಇಲ್ಲ ಅಂತಲ್ಲ. ಮಾಜಾಳಿಯಲ್ಲೋ ಭಟ್ಕಳದಲ್ಲೋ ಇಂಜಿನಿಯರಿಂಗ್ ಓದುವವರು ಬಾಹಾ ಎಸ್‌ಎಇ ಇಂಡಿಯಾ ಸ್ಪರ್ಧೆಯ ನಿಯಮ ಪುಸ್ತಕ ಓದಲಿ. 2007ರಿಂದ ನಡೆದಿರುವ ಈ ಸ್ಪರ್ಧೆಗೆ ವಿದ್ಯಾರ್ಥಿಗಳೇ ಬಗ್ಗಿ ಕಟ್ಟುತ್ತಾರೆ. ಓಡಿಸುವ ಮೊದಲು ಕಠಿಣ ತಪಾಸಣೆ ಇದೆ. ಬ್ರೇಕ್ ಒತ್ತಿದರೆ ನಾಲ್ಕೂ ಗಾಲಿ ಲಾಕ್ ಆಗಬೇಕು. ತಲೆ ಕಾಯುವ ಪಂಜರದ ಮುಖ್ಯ ಪೈಪಿಗೆ 25.4 ಮಿಲಿಮೀಟರ್ ಹೊರ ಅಳತೆ, 3 ಮಿಲಿಮೀಟರ್ ದಪ್ಪ ಅಥವಾ ಅದಕ್ಕೆ ಸಮನಾದ ಬಲ ಬೇಕು. ತೋಟಕ್ಕೆ ಬಗ್ಗಿ ಕಟ್ಟುವವರೂ ಪೈಪ್ ತರಲು ಅಂಗಡಿಗೆ ಹೋಗುವಾಗ ಈ ಅಳತೆ ಬರೆದುಕೊಂಡು ಹೋಗಲಿ, ಗುಜರಿಯಲ್ಲಿ ಸಿಕ್ಕ ನೀರಿನ ಪೈಪನ್ನು ತಲೆಯ ಮೇಲೆ ಬೆಸೆದುಕೊಳ್ಳುವುದು ಬೇಡ.