ಫೇಡ್ ಮತ್ತು ಲೋಡ್: ಯಾರು ಯಾರಿಗಾಗಿ ಕಾಯಬೇಕು?

ಸೋಮವಾರಪೇಟೆ ಹತ್ತಿರ ನಮ್ಮ ಚಿಕ್ಕಪ್ಪನ ಹೋಂಸ್ಟೇ ಇದೆ. ಅದಕ್ಕೆಂದು ನಾನು ಮಾಡಿದ ಜಾಲಪುಟದಲ್ಲಿ 'ಕೊಠಡಿ', 'ಊಟ', 'ದಾರಿ' ಎಂಬ ಮೂರು ಬಟನ್‌ಗಳು. ಒತ್ತಿದರೆ ಹಳೆಯ ಬರಹ ಮಾಸಿ ಹೊಸದು ಮೂಡಬೇಕು. ಬೆಂಗಳೂರಿನಲ್ಲಿ ಎಲ್ಲವೂ ಸರಿಯಿತ್ತು. ಕೊಡಗಿನ ಕಕ್ಕಡ ತಿಂಗಳ ಮಳೆಯಲ್ಲಿ ಊರಿಗೆ ಬಂದು, ಒಂದೇ ಕಡ್ಡಿ ಸಿಗ್ನಲ್‌ನಲ್ಲಿ 'ಊಟ' ಒತ್ತಿದೆ. ಕೊಠಡಿಯ ವಿವರ ಮಾಸಿತು, ಅದೇ ವಿವರ ಮತ್ತೆ ಮೂಡಿತು, ಆಮೇಲೆ ಇದ್ದಕ್ಕಿದ್ದಂತೆ ಕಡಂಬುಟ್ಟು, ಪಂದಿಕರಿಯ ಪಟ್ಟಿ ಬಂದು ಕೂತಿತು.

ನಾನು ಬರೆದದ್ದು ಜೆಕ್ವೆರಿಯ (ಜಾಲಪುಟಗಳಿಗೆ ಬಳಸುವ ಸಿದ್ಧ ಜಾವಾಸ್ಕ್ರಿಪ್ಟ್ ಕೋಡ್‌ನ ಸಂಗ್ರಹ) ಮೂರು ಸಾಲು: ಹಳೆಯದನ್ನು ಮಾಸಿಸುವ ಫೇಡ್‌ಔಟ್, ಸರ್ವರ್‌ನಿಂದ ಹೊಸದನ್ನು ತರಿಸುವ ಲೋಡ್, ಅದನ್ನು ಮೂಡಿಸುವ ಫೇಡ್‌ಇನ್. ಒಂದರ ಕೆಳಗೊಂದು ಇದ್ದ ಮಾತ್ರಕ್ಕೆ ಒಂದಾದ ಮೇಲೊಂದು ನಡೆಯುತ್ತವೆ ಎಂದುಕೊಂಡಿದ್ದೆ. ಎರಡು ಫೇಡ್‌ಗಳೇನೋ ಜೆಕ್ವೆರಿಯ ಅನಿಮೇಷನ್ ಸರದಿಯಲ್ಲಿ ನಿಲ್ಲುತ್ತವೆ. ಲೋಡ್ ಆ ಸರದಿಯಲ್ಲೇ ಇಲ್ಲ. ಅವಧಿ ಹೇಳದಿದ್ದರೆ ಫೇಡ್‌ಔಟ್ 400 ಮಿಲಿಸೆಕೆಂಡ್‌ಗಳಲ್ಲಿ ಮುಗಿಯುತ್ತದೆ, ಬೆನ್ನಿಗೇ ಫೇಡ್‌ಇನ್ ಶುರು. ಸರ್ವರ್‌ನ ಉತ್ತರ ತನ್ನ ಪುರುಸೊತ್ತಿನಲ್ಲಿ ಬರುತ್ತದೆ.

ಮೊದಲು ಸೆಟ್‌ಟೈಮ್‌ಔಟ್ ಹಾಕಿ ಒಂದು ಸೆಕೆಂಡ್ ತಡೆದೆ. ಇದು ಪೆದ್ದುತನ: ನೆಟ್ ಚೆನ್ನಾಗಿದ್ದರೆ ವೃಥಾ ಕಾಯುವಿಕೆ, ಇಲ್ಲದಿದ್ದರೆ ಆ ಒಂದು ಸೆಕೆಂಡ್ ಯಾವ ಮೂಲೆಗೂ ಸಾಲದು. ಫೇಡ್‌ಔಟ್‌ನ ಕಾಲ್‌ಬ್ಯಾಕ್‌ನೊಳಗೆ (ಕೆಲಸ ಮುಗಿದ ಮೇಲೆ ಓಡುವ ಕೋಡ್) ಲೋಡ್, ಅದರ ಕಾಲ್‌ಬ್ಯಾಕ್‌ನೊಳಗೆ ಫೇಡ್‌ಇನ್ ಇಟ್ಟರೆ ಕ್ರಮ ಸರಿಹೋಗುತ್ತದೆ. ಆದರೆ ಮಾಸುವ ಹೊತ್ತಿಗೆ ತರಿಸುವ ಹೊತ್ತೂ ಕೂಡುತ್ತದೆ. ಎರಡನ್ನೂ ಒಟ್ಟಿಗೆ ಶುರುಮಾಡಿ, ಎರಡೂ ಮುಗಿದ ಮೇಲೆ ಹೊಸದನ್ನು ತೋರಿಸುವುದೇ ಮೇಲು. ಪ್ರಾಮಿಸ್‌.ಆಲ್ ಇರುವುದು ಇದಕ್ಕೇ. ಅದಕ್ಕೆ ಎರಡು ಪ್ರಾಮಿಸ್ (ಕೆಲಸ ಮುಗಿದಾಗ ತಿಳಿಸುವ ವಸ್ತು) ಕೊಡಿ: ಒಂದು ಸರ್ವರ್‌ನಿಂದ ತರಿಸುವ ಫೆಚ್‌ನದು, ಇನ್ನೊಂದು ಬ್ರೌಸರ್‌ನ ಸ್ವಂತ ಅನಿಮೇಷನ್‌ನ 'ಫಿನಿಶ್ಡ್'. ಜೆಕ್ವೆರಿಯಲ್ಲೇ ಇರುವವರು ಫೇಡ್‌ಔಟ್‌ಗೆ 'ಪ್ರಾಮಿಸ್' ಜೋಡಿಸಬಹುದು. ಐದು ಫೋಟೋಗಳನ್ನು ಒಟ್ಟಿಗೆ ಮಾಸಿದರೆ ಕಾಲ್‌ಬ್ಯಾಕ್ ಐದು ಸಲ ಓಡುತ್ತದೆ, ಪ್ರಾಮಿಸ್ ಎಲ್ಲ ಮುಗಿದ ಮೇಲೆ ಒಂದೇ ಸಲ ಈಡೇರುತ್ತದೆ.

ಫೇಡ್‌ಔಟ್ ಕೊನೆಯಲ್ಲಿ ಬರಹದ ಪೆಟ್ಟಿಗೆಯನ್ನು 'ಡಿಸ್‌ಪ್ಲೇ ನನ್' (ಜಾಗವೂ ಉಳಿಯದಂತೆ ಮರೆ) ಮಾಡುವುದರಿಂದ ಕೆಳಗಿನ ಭಾಗ ಮೇಲಕ್ಕೆ ಜಿಗಿಯುತ್ತದೆ. ಫೇಡ್‌ಟು ಬಳಸಿ ಅಪಾರದರ್ಶಕತೆಯನ್ನಷ್ಟೇ ಸೊನ್ನೆಗೆ ಇಳಿಸಿದರೆ ಜಾಗ ಉಳಿಯುತ್ತದೆ. ಆದರೆ ಕಾಣದ ಕೊಂಡಿಗಳನ್ನು ಆಗಲೂ ಒತ್ತಲು ಬರುತ್ತದೆ, ಎಚ್ಚರ.

ನನ್ನನ್ನು ಹೆಚ್ಚು ಕಾಡಿದ್ದು ಅವಸರದ ಬೆರಳು. 'ಊಟ' ಒತ್ತಿ, ಬೇಸರವಾಗಿ 'ದಾರಿ' ಒತ್ತಿದರೆ, ತಡವಾಗಿ ಬಂದ ಊಟದ ಉತ್ತರ ದಾರಿಯ ಮೇಲೆ ಕೂರುತ್ತದೆ. ಹಾಗಾಗಿ ಪ್ರತಿ ಒತ್ತಿಗೂ ಒಂದು ಸಂಖ್ಯೆ ಕೊಟ್ಟೆ. ಉತ್ತರ ಬಂದಾಗ ಅದರ ಸಂಖ್ಯೆ ಕೊನೆಯದಲ್ಲದಿದ್ದರೆ ಎಸೆಯುತ್ತೇನೆ. ಅಬಾರ್ಟ್‌ಕಂಟ್ರೋಲರ್‌ನಿಂದ ಹಳೆಯ ಕೋರಿಕೆಯನ್ನೇ ರದ್ದು ಮಾಡಲೂಬಹುದು.

ಬರಹ ಬಂದರೂ ಚಿತ್ರ ಬಂದಿರುವುದಿಲ್ಲ. ಮೇಲಿನ ಒಂದು ಚಿತ್ರದ 'ಡಿಕೋಡ್' (ಚಿತ್ರವನ್ನು ತೋರಿಸಲು ಸಿದ್ಧಮಾಡುವ ಕೆಲಸ) ಮುಗಿಯಲಿ, ಉಳಿದವಕ್ಕೆ ಕಾಯುವುದು ಬೇಡ. ಚಿತ್ರ ಕೆಟ್ಟಿದ್ದರೆ ಡಿಕೋಡ್ ಸೋಲುತ್ತದೆ; ಆ ಸೋಲನ್ನು ಹಿಡಿಯದಿದ್ದರೆ ಪುಟ ಮಾಸಿದಂತೆಯೇ ಉಳಿದುಬಿಡುತ್ತದೆ. ಫೆಚ್ ಇನ್ನೂ ಮೋಸ: 404 (ಪುಟ ಸಿಗಲಿಲ್ಲ ಎಂಬ ಉತ್ತರ) ಬಂದರೂ ಅದಕ್ಕೆ ಸೋಲಲ್ಲ, ಉತ್ತರದಲ್ಲಿರುವ 'ಓಕೆ'ಯನ್ನು ನಾವೇ ನೋಡಬೇಕು. ಏನೂ ಬರದಾಗ ನಾನು ಪೆಟ್ಟಿಗೆಯಲ್ಲಿ ಚಿಕ್ಕಪ್ಪನ ಫೋನ್ ನಂಬರ್ ಮೂಡಿಸುತ್ತೇನೆ. ದಾರಿ ಕೇಳಲು ಜನ ಹೇಗೂ ಅವರಿಗೇ ಕರೆ ಮಾಡುತ್ತಾರೆ.