ಪದ ಪರಿಚಯ: ಹೋಮ್‌ವರ್ಕ್ ಹೆಲ್ಪ್

ಇಂಗ್ಲಿಷ್ ಭಾಷೆ, ಸಾಹಿತ್ಯ ಓದುವವರ ನಡುವೆ ‘ಆನ್‌ಲೈನ್ ಹೋಮ್‌ವರ್ಕ್ ಹೆಲ್ಪ್’ ಅಂದರೆ ಐದಾರು ಬೇರೆ ಬೇರೆ ವ್ಯವಹಾರಗಳು. ಸಾರಾಂಶ ಕೊಡುವ ಸ್ಟಡಿ ಗೈಡ್, ಪ್ರಶ್ನೆ ಹಾಕಿದರೆ ಯಾರೋ ಉತ್ತರಿಸುವ ವೇದಿಕೆ, ಗಂಟೆ ಲೆಕ್ಕದಲ್ಲಿ ವಿಡಿಯೊ ಕರೆಗೆ ಬರುವ ಟ್ಯೂಟರ್, ಕರಡು ಓದಿ ಟಿಪ್ಪಣಿ ಹಾಕುವ ರೈಟಿಂಗ್ ಸೆಂಟರ್, ಎಐ ಚಾಟ್‌ಬಾಟ್, ಕೊನೆಗೆ ದುಡ್ಡು ಕೊಟ್ಟರೆ ಪ್ರಬಂಧವನ್ನೇ ಬರೆದು ಕಳಿಸುವ ದಂಧೆ. ಎಲ್ಲಕ್ಕೂ ಒಂದೇ ಬೋರ್ಡು. ಇವುಗಳನ್ನು ಬೇರ್ಪಡಿಸಲು ಒಂದು ಪ್ರಶ್ನೆ ಸಾಕು: ಸಹಾಯ ಕೇಳುವ ಹೊತ್ತಿಗೆ ವಿದ್ಯಾರ್ಥಿಯ ಕೈಯಲ್ಲಿ ಸ್ವಂತದ್ದು ಏನಾದರೂ ಇತ್ತೇ? ಅರ್ಧ ಕರಡು, ಒಂದು ಊಹೆ, ತಪ್ಪು ಉತ್ತರವಾದರೂ ಸರಿ. ಇದ್ದರೆ ಅಲ್ಲಿ ನಡೆದದ್ದು ಸಹಾಯ. ಇರದಿದ್ದರೆ ಕೆಲಸ ಇನ್ನೊಬ್ಬರ ಕೈಗೆ ಹೋಯಿತು, ಅಷ್ಟೇ.

ಗಣಿತದಲ್ಲಿ ಈ ಗೊಂದಲ ಇಷ್ಟಿಲ್ಲ. ಅಲ್ಲಿ ಸಾಮಾನ್ಯವಾಗಿ ಉತ್ತರ ಒಂದೇ, ಕಲಿಯಬೇಕಾದ್ದು ದಾರಿ. ಸಾಹಿತ್ಯದ ಪ್ರಶ್ನೆಗೆ ಸಿದ್ಧ ಉತ್ತರ ಇರುವುದಿಲ್ಲ. ಪಠ್ಯದ ಇಂಥ ಸಾಲನ್ನು ಹಿಡಿದು ಇಂಥ ವಾದ ಮಾಡುತ್ತೇನೆ ಎಂದು ವಿದ್ಯಾರ್ಥಿಯೇ ತೋರಿಸಬೇಕು. ಹಾಗಾಗಿ ‘ಈ ಕವಿತೆ ವಿವರಿಸಿ’ ಎಂದು ಕೇಳಿದರೆ ಎಲ್ಲಿಂದ ಬಂದರೂ ಬರುವುದು ಸಾರಾಂಶವೇ. ಕಥೆ ಏನು, ಪಾತ್ರ ಯಾವುದು, ವಿಷಯ ಏನು. ಅಂಕ ಸಿಗುವುದು ಇದಕ್ಕಲ್ಲ. ಸಾರಾಂಶ ಪರೀಕ್ಷಕರಿಗೂ ಗೊತ್ತು.

ಹತ್ತಿರದಿಂದ ಒಂದನ್ನು ನೋಡೋಣ. ಇಂಗ್ಲಿಷ್ ಪದವಿ ತರಗತಿಗಳಲ್ಲಿ ಮತ್ತೆ ಮತ್ತೆ ಎದುರಾಗುವ ಕವಿತೆ ರಾಬರ್ಟ್ ಬ್ರೌನಿಂಗ್‌ನ ‘ಮೈ ಲಾಸ್ಟ್ ಡಚೆಸ್’. 1842ರಲ್ಲಿ ಪ್ರಕಟವಾದದ್ದು, 56 ಸಾಲು, ಎರಡೆರಡು ಸಾಲಿಗೆ ಅಂತ್ಯಪ್ರಾಸ. ಒಬ್ಬ ಡ್ಯೂಕ್ ತನ್ನ ಹಿಂದಿನ ಹೆಂಡತಿಯ ಚಿತ್ರ ತೋರಿಸುತ್ತಾ ಮಾತಾಡುತ್ತಾನೆ. ಕೇಳುತ್ತಿರುವವನು ಮುಂದಿನ ಮದುವೆಯ ಮಾತುಕತೆಗೆ ಬಂದ ದೂತ. ಇಷ್ಟನ್ನು ಯಾವ ಗೈಡಾದರೂ ಕೊಡುತ್ತದೆ. ಈಗ ಪ್ರಶ್ನೆಯನ್ನು ಹೀಗೆ ಕೇಳಿ ನೋಡಿ: ‘ಕವಿತೆ ಪೂರ್ತಿ ಪ್ರಾಸಬದ್ಧ ದ್ವಿಪದಿಗಳಲ್ಲಿದೆ. ಆದರೆ ಗಟ್ಟಿಯಾಗಿ ಓದುವಾಗ ಪ್ರಾಸ ಕಿವಿಗೆ ಬೀಳುವುದೇ ಇಲ್ಲ. ಸಾಲು ಮುಗಿದಲ್ಲಿ ವಾಕ್ಯ ಮುಗಿಯದಿರುವುದೇ ಕಾರಣ ಅನ್ನಿಸುತ್ತದೆ. 45, 46ನೇ ಸಾಲುಗಳಿಂದ ಇದನ್ನು ತೋರಿಸಬಹುದೇ?’

ಇಂಥ ಪ್ರಶ್ನೆಗೆ ಉತ್ತರಿಸುವವರೂ ಆ ಸಾಲುಗಳಿಗೇ ಇಳಿಯಬೇಕಾಗುತ್ತದೆ. 45ನೇ ಸಾಲಿನ ಕೊನೆಯಲ್ಲಿ ಡ್ಯೂಕ್ ‘ಐ ಗೇವ್ ಕಮಾಂಡ್ಸ್’ ಎನ್ನುತ್ತಾನೆ. ಮುಂದಿನ ಸಾಲಿನ ಮಧ್ಯದಲ್ಲಿ, ನಗುಗಳೆಲ್ಲ ಒಟ್ಟಿಗೆ ನಿಂತುಹೋದವು ಎಂಬಲ್ಲಿಗೆ ವಾಕ್ಯ ಮುಗಿಯುತ್ತದೆ. ಅದೇ ಸಾಲಿನಲ್ಲಿ ‘ದೇರ್ ಶೀ ಸ್ಟ್ಯಾಂಡ್ಸ್’ ಎಂದು ಹೊಸ ವಾಕ್ಯ ಶುರುವಾಗಿ, 47ನೇ ಸಾಲಿನ ‘ಆ್ಯಸ್ ಇಫ್ ಅಲೈವ್’ಗೆ ಹರಿಯುತ್ತದೆ. ‘ಕಮಾಂಡ್ಸ್’ಗೆ ಪ್ರಾಸವಾಗಿ ಬಂದದ್ದು ‘ಸ್ಟ್ಯಾಂಡ್ಸ್’: ಅವನ ಅಪ್ಪಣೆ ಮತ್ತು ಗೋಡೆಯ ಮೇಲೆ ನಿಂತ ಅವಳು. ಕಟ್ಟು ಬಿಗಿಯಾಗಿಯೇ ಇದೆ, ಆದರೆ ಮಾತಿನ ಓಟ ಅದನ್ನು ಮುಚ್ಚಿಹಾಕುತ್ತದೆ. ಅವಳನ್ನು ಕೊಲ್ಲಿಸಿದೆ ಎಂದು ಡ್ಯೂಕ್ ಎಲ್ಲೂ ಬಾಯಿಬಿಟ್ಟು ಹೇಳುವುದಿಲ್ಲ ಎಂಬುದೂ ಇಲ್ಲೇ ಗಮನಿಸಬೇಕಾದ ಸಂಗತಿ. ‘ಡ್ಯೂಕ್ ಹೆಂಡತಿಯನ್ನು ಕೊಂದ’ ಎಂದು ನೇರವಾಗಿ ಬರೆದುಬಿಡುವುದು ಗೈಡ್ ನಂಬಿದ ಉತ್ತರಪತ್ರಿಕೆಗಳ ಗುರುತು. ಹೀಗೆ ಸಿಕ್ಕಿದ್ದು ಒಂದು ಪ್ಯಾರಾದ ಸಾಮಗ್ರಿ, ಪ್ರಬಂಧವಲ್ಲ. ಉಳಿದದ್ದನ್ನು ವಿದ್ಯಾರ್ಥಿಯೇ ಕಟ್ಟಬೇಕು.

ಕೇಳುವಾಗ ಜೊತೆಗೆ ಕೊಡಬೇಕಾದ ವಿವರಗಳು ಕೆಲವಿವೆ. ಅಸೈನ್‌ಮೆಂಟಿನ ಪ್ರಶ್ನೆಯನ್ನು ಪದ ಬಿಡದೆ ಹಾಗೇ ಹಾಕಬೇಕು, ನಮ್ಮ ಮಾತಿನಲ್ಲಿ ತಿರುಗಿಸಿ ಅಲ್ಲ. ‘ಸಮರೈಸ್’, ‘ಅನಲೈಸ್’, ‘ಕಂಪೇರ್’ ಇವು ಮೂರು ಬೇರೆ ಬೇರೆ ಕೆಲಸಗಳು, ತಿರುಗಿಸಿ ಬರೆಯುವಾಗ ಮೊದಲು ಕಳೆದುಹೋಗುವುದೇ ಆ ಕ್ರಿಯಾಪದ. ಪದಮಿತಿ ಎಷ್ಟು, ಯಾವ ಹಂತದ ತರಗತಿ, ಯಾವ ಆವೃತ್ತಿ ಎಂಬುದೂ ಬೇಕು. ಶೇಕ್ಸ್‌ಪಿಯರ್ ನಾಟಕವಾದರೆ ಆವೃತ್ತಿ ಹೇಳಲೇಬೇಕು. ಗದ್ಯ ಬರುವ ದೃಶ್ಯಗಳಲ್ಲಿ ಸಾಲಿನ ಸಂಖ್ಯೆ ಒಂದು ಮುದ್ರಣದಿಂದ ಇನ್ನೊಂದಕ್ಕೆ ಬದಲಾಗುತ್ತದೆ. ಕೊನೆಯದಾಗಿ ನಿಮ್ಮ ಈಗಿನ ಊಹೆ ಎರಡು ವಾಕ್ಯದಲ್ಲಿ, ಸಿಕ್ಕಿಹಾಕಿಕೊಂಡ ಜಾಗ ಒಂದು ವಾಕ್ಯದಲ್ಲಿ. ಇಷ್ಟು ಬರೆಯುವಾಗಲೇ ಎಷ್ಟೋ ಸಲ ಉತ್ತರ ಹೊಳೆದು, ಕೇಳುವ ಅಗತ್ಯವೇ ಬೀಳುವುದಿಲ್ಲ.

ಭಾಷೆಯ ಪ್ರಶ್ನೆಗಳ ತೊಡಕು ಬೇರೆ ಥರ. ಮೇಲಿನ ಪ್ರಾಸವನ್ನೇ ತೆಗೆದುಕೊಳ್ಳಿ. ಇವತ್ತಿನ ದಕ್ಷಿಣ ಇಂಗ್ಲೆಂಡಿನ ಉಚ್ಚಾರಣೆಯಲ್ಲಿ ‘ಕಮಾಂಡ್ಸ್’ನಲ್ಲಿ ದೀರ್ಘ ‘ಆ’, ‘ಸ್ಟ್ಯಾಂಡ್ಸ್’ನಲ್ಲಿ ‘ಆ್ಯ’. ಅಮೆರಿಕದವರ ಬಾಯಲ್ಲಿ ಎರಡಕ್ಕೂ ಒಂದೇ ಸ್ವರ. ‘ಕಾರ್’ ಪದದ ಕೊನೆಯ ರಕಾರ ಬ್ರಿಟಿಷ್ ಶಿಷ್ಟ ಉಚ್ಚಾರಣೆಯಲ್ಲಿ ಕೇಳಿಸುವುದಿಲ್ಲ, ಅಮೆರಿಕದಲ್ಲಿ ಕೇಳಿಸುತ್ತದೆ. ಫೋನೆಟಿಕ್ ಟ್ರಾನ್ಸ್‌ಕ್ರಿಪ್ಶನ್ (ಉಚ್ಚಾರಣೆಯನ್ನು ಧ್ವನಿಚಿಹ್ನೆಗಳಲ್ಲಿ ಬರೆಯುವುದು) ಕೇಳುವಾಗ ನಿಮ್ಮ ಪಠ್ಯಪುಸ್ತಕ ಯಾವ ಉಚ್ಚಾರಣೆಯದು ಎಂದು ಹೇಳದಿದ್ದರೆ, ಸರಿಯಾದ ಉತ್ತರವನ್ನೇ ತಂದು ತಪ್ಪು ಹಾಕಿಸಿಕೊಳ್ಳುವ ಪರಿಸ್ಥಿತಿ. ವಾಕ್ಯದ ರಚನೆಯನ್ನು ಕೊಂಬೆಗಳಂತೆ ಬಿಡಿಸಿ ತೋರಿಸುವ ಟ್ರೀ ಡಯಾಗ್ರಾಮಿನಲ್ಲೂ ಇದೇ ಕಥೆ: ‘ದ ಬುಕ್’ ಎಂಬುದನ್ನು ಒಂದು ಪುಸ್ತಕ ‘ಬುಕ್’ ಮುಖ್ಯವೆಂದು ನೌನ್ ಫ್ರೇಸ್ ಅನ್ನುತ್ತದೆ, ಇನ್ನೊಂದು ‘ದ’ ಮುಖ್ಯವೆಂದು ಡಿಟರ್ಮಿನರ್ ಫ್ರೇಸ್ ಅನ್ನುತ್ತದೆ. ಎರಡೂ ಭಾಷಾವಿಜ್ಞಾನಕ್ಕೆ ಒಪ್ಪಿತವೇ, ನಿಮ್ಮ ಮೇಷ್ಟ್ರಿಗೆ ಮಾತ್ರ ಒಂದೇ ಒಪ್ಪಿತ.

ವ್ಯಾಕರಣದಲ್ಲಿ ಕನ್ನಡಿಗರು ಎಡವುವ ಒಂದು ಜಾಗವಂತೂ ಖಾಯಂ. ‘ನಿನ್ನೆ ಅವನನ್ನು ನೋಡಿದ್ದೇನೆ’ ಎಂಬುದು ಕನ್ನಡದಲ್ಲಿ ಸಲೀಸು. ಅದೇ ಲೆಕ್ಕದಲ್ಲಿ ‘ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್‌ಡೇ’ ಎಂದು ಬರೆದರೆ ಇಂಗ್ಲಿಷಿನಲ್ಲಿ ತಪ್ಪು. ಮುಗಿದುಹೋದ ಸಮಯವನ್ನು ಹೆಸರಿಸಿದರೆ ಪ್ರೆಸೆಂಟ್ ಪರ್ಫೆಕ್ಟ್ ಕೂಡುವುದಿಲ್ಲ, ‘ಐ ಸಾ ಹಿಮ್’ ಆಗಬೇಕು. ತಿದ್ದುವ ಆ್ಯಪ್‌ಗೆ ಹಾಕಿದರೆ ಅದು ಸದ್ದಿಲ್ಲದೆ ಸರಿಪಡಿಸಿ ಕೊಟ್ಟುಬಿಡುತ್ತದೆ. ನಿಯಮ ತಲೆಗೆ ಹೋಗುವುದಿಲ್ಲ, ಮುಂದಿನ ಪುಟದಲ್ಲಿ ಅದೇ ತಪ್ಪು. ಒಂದು ವಾಕ್ಯವನ್ನಷ್ಟೇ ಕೊಟ್ಟು ‘ಇಲ್ಲಿ ಯಾವ ನಿಯಮ ಮುರಿದಿದೆ, ಇದೇ ನಿಯಮಕ್ಕೆ ಇನ್ನು ಮೂರು ಉದಾಹರಣೆ ಕೊಡಿ’ ಎಂದು ಕೇಳುವುದು ಲೇಸು.

ಬಂದ ಉತ್ತರವನ್ನು ಪರೀಕ್ಷಿಸದೆ ಬಳಸುವಂತಿಲ್ಲ. ಎಐ ಚಾಟ್‌ಬಾಟ್‌ಗಳು ಕವಿತೆಯಲ್ಲಿ ಇಲ್ಲದ ಸಾಲನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟು ಕೊಡುವುದುಂಟು, ಯಾರೂ ಬರೆಯದ ವಿಮರ್ಶಾ ಲೇಖನಕ್ಕೆ ಲೇಖಕರ ಹೆಸರು, ವರ್ಷ, ಪುಟಸಂಖ್ಯೆ ಎಲ್ಲ ಸೇರಿಸುವುದೂ ಉಂಟು. ಅವು ಮುಂದಿನ ಪದ ಯಾವುದಿರಬಹುದು ಎಂಬ ಸಂಭವದ ಮೇಲೆ ಬರೆಯುತ್ತವೆ. ಉದ್ಧರಣದಂತೆ ಕಾಣುವುದಕ್ಕೂ ಉದ್ಧರಣಕ್ಕೂ ಅಲ್ಲಿ ವ್ಯತ್ಯಾಸವಿಲ್ಲ. ಪರಿಹಾರ ಎರಡು ನಿಮಿಷದ್ದು. ಹಳೆಯ ಕೃತಿಯಾದರೆ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಂಥ ಕಡೆ ಪೂರ್ತಿ ಪಠ್ಯ ತೆರೆದು, ಸಾಲಿನ ನಾಲ್ಕು ಪದ ಹಾಕಿ ಹುಡುಕಬೇಕು. ಲೇಖನವಾದರೆ ಅದರ ಡಿಒಐ ಸಂಖ್ಯೆ (ಅಂತರ್ಜಾಲದಲ್ಲಿ ಲೇಖನವನ್ನು ಗುರುತಿಸುವ ಶಾಶ್ವತ ಸಂಖ್ಯೆ) ತೆರೆಯುತ್ತದೆಯೇ, ತೆರೆದರೆ ಅದೇ ಲೇಖನವೇ ಎಂದು ನೋಡಬೇಕು. ಸಿಗಲಿಲ್ಲವೆಂದರೆ ಆ ಸಾಲನ್ನು ಕೈಬಿಡುವುದು, ಇನ್ನೊಂದು ಸಲ ಚಾಟ್‌ಬಾಟನ್ನೇ ‘ಇದು ನಿಜವೇ’ ಎಂದು ಕೇಳುವುದಲ್ಲ.

ಇನ್ನು ಬರೆದುಕೊಡುವ ದಂಧೆ. ಇದಕ್ಕೆ ‘ಕಾಂಟ್ರ್ಯಾಕ್ಟ್ ಚೀಟಿಂಗ್’ ಎಂಬ ಹೆಸರನ್ನು 2006ರಲ್ಲಿ ರಾಬರ್ಟ್ ಕ್ಲಾರ್ಕ್ ಮತ್ತು ಥಾಮಸ್ ಲ್ಯಾಂಕಾಸ್ಟರ್ ಎಂಬ ಬ್ರಿಟನ್ನಿನ ಅಧ್ಯಾಪಕರು ಚಾಲ್ತಿಗೆ ತಂದರು. ಆಸ್ಟ್ರೇಲಿಯಾ 2020ರಲ್ಲಿ, ಇಂಗ್ಲೆಂಡ್ 2022ರಲ್ಲಿ ಕಾನೂನು ಮಾಡಿ ಇಂಥ ಸೇವೆ ಮಾರುವುದನ್ನು ಅಪರಾಧವಾಗಿಸಿದವು. ಕಾನೂನು ಹಿಡಿಯುವುದು ಮಾರುವವರನ್ನು, ಕೊಂಡ ವಿದ್ಯಾರ್ಥಿಯನ್ನು ವಿಶ್ವವಿದ್ಯಾಲಯದ ಶಿಸ್ತು ಸಮಿತಿ ನೋಡಿಕೊಳ್ಳುತ್ತದೆ. ‘ಮಾದರಿ ಪ್ರಬಂಧ ಮಾತ್ರ’ ಎಂದು ಸೈಟಿನ ಕೆಳಗೆ ಸಣ್ಣಕ್ಷರದಲ್ಲಿ ಬರೆದಿದ್ದರೂ, ಮೇಲೆ ಪದಮಿತಿ, ಗಡುವು, ಬೇಕಾದ ಗ್ರೇಡು ಕೇಳುವ ಫಾರಂ ಇದ್ದರೆ ಅದು ಯಾವ ಜಾತಿಯದೆಂದು ತಿಳಿಯಲು ಹೆಚ್ಚು ಬುದ್ಧಿ ಬೇಡ.

ಸಹಾಯ ಪಡೆದದ್ದನ್ನು ಬರಹದೊಳಗೆ ತರುವಾಗ ಆಗುವ ತಪ್ಪುಗಳು ಬಹುಪಾಲು ತಾಂತ್ರಿಕ. ಎಂಎಲ್‌ಎ (ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಶನ್ ರೂಪಿಸಿದ, ಮೂಲಗಳನ್ನು ಉಲ್ಲೇಖಿಸುವ) ಪದ್ಧತಿಯಲ್ಲಿ ಮೂರು ಸಾಲಿನವರೆಗಿನ ಪದ್ಯವನ್ನು ವಾಕ್ಯದೊಳಗೇ ಬರೆದು ಸಾಲುಗಳ ನಡುವೆ ಓರೆಗೆರೆ ಹಾಕಬೇಕು, ಗೆರೆಯ ಎರಡೂ ಕಡೆ ಖಾಲಿ ಜಾಗ ಬಿಟ್ಟು. ಅದಕ್ಕಿಂತ ಹೆಚ್ಚಿದ್ದರೆ ಪ್ರತ್ಯೇಕ ಬ್ಲಾಕ್, ಉದ್ಧರಣ ಚಿಹ್ನೆ ಇಲ್ಲದೆ. ಗೈಡಿನಿಂದ ಬಂದ ವಿಚಾರವನ್ನು ಸ್ವಂತ ಪದಗಳಲ್ಲಿ ಬರೆದರೂ ಮೂಲ ಹೇಳಲೇಬೇಕು. ಟರ್ನಿಟಿನ್‌ನಂಥ ತಂತ್ರಾಂಶ ಕೊಡುವ ಶೇಕಡಾವಾರು ಅಂಕಿ ಕೃತಿಚೌರ್ಯದ ಪ್ರಮಾಣವಲ್ಲ, ಬೇರೆ ಪಠ್ಯಗಳಿಗೆ ಹೋಲುವ ಭಾಗದ ಲೆಕ್ಕ. ಫಿಲ್ಟರ್ ಹಾಕದಿದ್ದರೆ ಸರಿಯಾಗಿ ಉದ್ಧರಿಸಿದ ಸಾಲುಗಳೂ ಗ್ರಂಥಸೂಚಿಯೂ ಅದರಲ್ಲಿ ಸೇರುತ್ತವೆ. ಹಾಗಾಗಿ ಅಂಕಿ ನೋಡಿ ಗಾಬರಿಯಾಗಿ ಪದಗಳನ್ನು ಸಮಾನಾರ್ಥಕಗಳಿಂದ ಬದಲಿಸುತ್ತಾ ಕೂರುವುದು ದಂಡ. ಅದರಿಂದ ವಾಕ್ಯ ಕೆಡುತ್ತದೆ, ಎರವಲು ಎರವಲಾಗಿಯೇ ಉಳಿಯುತ್ತದೆ.

ಎಐ ಬರೆದದ್ದನ್ನು ಪತ್ತೆ ಮಾಡುತ್ತೇವೆ ಎನ್ನುವ ಉಪಕರಣಗಳ ಮೇಲಂತೂ ಭರವಸೆ ಕಡಿಮೆಯೇ. ಚಾಟ್‌ಜಿಪಿಟಿ ತಯಾರಿಸಿದ ಓಪನ್‌ಎಐ ತಾನೇ ಬಿಟ್ಟಿದ್ದ ಪತ್ತೆ ಉಪಕರಣವನ್ನು, ನಿಖರತೆ ಸಾಲದೆಂದು 2023ರ ಜುಲೈನಲ್ಲಿ ಹಿಂತೆಗೆದುಕೊಂಡಿತು. ಇಂಗ್ಲಿಷ್ ಮಾತೃಭಾಷೆಯಲ್ಲದವರ ಸರಳ, ನಿಯಮಬದ್ಧ ವಾಕ್ಯಗಳನ್ನು ಯಂತ್ರದ ಬರಹವೆಂದು ಇಂಥವು ತಪ್ಪಾಗಿ ಗುರುತಿಸಿದ್ದೂ ಇದೆ. ಆದ್ದರಿಂದ ಮೊದಲ ಕರಡಿನಿಂದಲೇ ವರ್ಷನ್ ಹಿಸ್ಟರಿ (ಯಾವಾಗ ಏನು ಬದಲಾಯಿತು ಎಂಬ ದಾಖಲೆ) ಉಳಿಯುವ ಗೂಗಲ್ ಡಾಕ್ಸ್‌ನಂಥ ಕಡೆ ಬರೆಯುವುದು, ಟ್ಯೂಟರ್ ಕೊಟ್ಟ ಟಿಪ್ಪಣಿಯನ್ನೂ ಚಾಟ್‌ಬಾಟ್ ಜೊತೆಗಿನ ಪ್ರಶ್ನೋತ್ತರವನ್ನೂ ತಾರೀಖಿನ ಸಮೇತ ಒಂದು ಫೋಲ್ಡರಿನಲ್ಲಿ ಇಡುವುದು, ಅಂಕ ಬರುವ ತನಕ ಅದನ್ನು ಅಳಿಸದಿರುವುದು ಒಳ್ಳೆಯದು. ಪ್ರಶ್ನೆ ಎದ್ದಾಗ ಯಾವ ವಾಕ್ಯ ಯಾವಾಗ ಬಂತು, ಯಾರು ಏನು ಹೇಳಿದ ಮೇಲೆ ಬದಲಾಯಿತು ಎಂದು ತೋರಿಸಲು ಬೇರೆ ಸಾಕ್ಷಿ ಇರುವುದಿಲ್ಲ.